ಹದಿನೇಳನೇ ಓಟು

“ಅತ್ತಿಗೆ, ಇನ್ಮೇಲೆ ಈ ಮನೆಗೆ ಬೀಗದ ಕೈಯೇ ಬೇಡ!” ಎಂದು ನನ್ನ ಮೈದುನ ತ್ರಿಯಂಬಕ ಎದೆಯುಬ್ಬಿಸಿ ನಿಂತಾಗ ಗಂಟೆ ಎಂಟೂವರೆ. ಹನ್ನೊಂದಕ್ಕೆ ನನ್ನ ವರ್ಗಾವಣೆಯ ಕೌನ್ಸೆಲಿಂಗ್. ಒಂಬತ್ತು ವರ್ಷದಿಂದ ಬೆಳಗ್ಗೆ ಆರೂಕಾಲರ ಬಸ್ಸು ಹಿಡಿದು, ನಲವತ್ತು ಕಿಲೋಮೀಟರ್ ದೂರದ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟವಳು ನಾನು. ಈ ಸಲ ನಮ್ಮ ಹಿಂದಿನ ಬೀದಿಯ ಶಾಲೆಯಲ್ಲೇ ಒಂದು ಜಾಗ ಖಾಲಿ. ಹೆಸರು ಕೂಗಿದಾಗ ಅಲ್ಲಿರದಿದ್ದರೆ ಅದೂ ಇಲ್ಲ.

ಈ ಮಹಾನುಭಾವನಿಗೆ ಅದೆಲ್ಲ ಎಲ್ಲಿ ತಲೆಗೆ ಹೋಗುತ್ತದೆ? ಕಂಪ್ಯೂಟರಿಗೆಂದು ಇವನೇ ‘ತುಂಬೆ’ ಎಂಬ ಭಾಷೆ ಕಟ್ಟಿದ್ದಾನೆ. ಬಳಸುವವರು ಜಗತ್ತಿನಲ್ಲಿ ಒಟ್ಟು ಹದಿನೇಳು ಜನ, ಎಲ್ಲರೂ ಇವನ ಹಾಗೆ ಭಾಷೆ ಕಟ್ಟುವ ಹುಚ್ಚಿನವರೇ. ಅವರಿಗಾಗಿ ಇವನದೊಂದು ಇ-ಪತ್ರಿಕೆ ಬೇರೆ: ಹೊಸ ಸಲಕರಣೆ, ಕಿವಿಮಾತು, ಬಳಗದ ಸುದ್ದಿ! ಈಗ ನನ್ನ ಟೀವಿ ಇದ್ದ ಜಾಗದಲ್ಲಿ ಬೀರುವಿನಷ್ಟು ದೊಡ್ಡ ಯಂತ್ರ ಕೂರಿಸಿ, ಬಾಗಿಲು, ಮೋಟರು, ಮಿಕ್ಸಿ ಎಲ್ಲವನ್ನೂ ಅದಕ್ಕೆ ಗಂಟು ಹಾಕಿದ್ದ.

“ತೆರೆ!” ಎಂದ. ಬಾಗಿಲು ತೆರೆಯಿತು. “ಮುಚ್ಚು!” ಮುಚ್ಚಿತು. “ವಿಶೇಷ ಏನ್ ಗೊತ್ತಾ? ಪತ್ರಿಕೆ ಬಂದ ತಕ್ಷಣ ತಾನೇ ಓದ್ಕೊಂಡು ಬಳಗದ ತೀರ್ಮಾನ ಜಾರಿ ಮಾಡುತ್ತೆ!”

ಒಂಬತ್ತಕ್ಕೆ ಪತ್ರಿಕೆ ಬಂತು. ಒಂಬತ್ತೂಕಾಲಿಗೆ ನಾನು ಇಸ್ತ್ರಿ ಸೀರೆ ಉಟ್ಟು, ಫೈಲು ಹಿಡಿದು, ಬಾಗಿಲ ಮುಂದೆ ನಿಂತು “ತೆರೆ” ಎಂದೆ.

“ಆ ಪದ ಇಂದಿನಿಂದ ನಿವೃತ್ತ. ಐದನೇ ಪುಟ ನೋಡಿ,” ಎಂದಿತು ಯಂತ್ರ.

“ಏನೋ ಇದು?”

“ಹಳೇ ಪದ ತೆಗೆದುಹಾಕೋಕೆ ಎಲ್ರೂ ಒಪ್ಪಿದ್ರು ಅತ್ತಿಗೆ.”

“ಸರಿ, ಹೊಸದು ಯಾವ್ದು? ಬೇಗ ಬೊಗಳು!”

“ಹೊಸದು... ಇನ್ನೂ ಚರ್ಚೇಲಿದೆ.”

ಇರುವುದನ್ನು ಕಿತ್ತೆಸೆದು ಆಮೇಲೆ ಹೊಸದನ್ನು ಹುಡುಕುವ ಬುದ್ಧಿವಂತರು! “ಮೇನ್ ಸ್ವಿಚ್ ಆರಿಸೋ!” ಎಂದೆ. “ಬ್ಯಾಟರಿ ಇದೆ, ನಾಲ್ಕು ದಿನ ಬರುತ್ತೆ!” ಎಂದ, ಅದೂ ಹೆಮ್ಮೆಯಿಂದ! ಹಿತ್ತಲ ಬಾಗಿಲಿಗೂ ಇದೇ ಯಂತ್ರ. ಕಿಟಕಿಗೆಲ್ಲ ಸರಳು. ಅಷ್ಟರಲ್ಲಿ ಮಹಡಿಯ ಮೇಲಿನ ಟ್ಯಾಂಕು ತುಂಬಿ ಧೋ ಎಂದು ಸುರಿಯತೊಡಗಿತು. ‘ನಿಲ್ಲು’ ಎಂಬುದೂ ನಿವೃತ್ತವಂತೆ! ಅಡುಗೆಮನೆಯಲ್ಲಿ ಮಿಕ್ಸಿ ಒಂದೇ ಸಮ ಚಟ್ನಿ ರುಬ್ಬುತ್ತ ಹೊಗೆ ಕಾರುತ್ತಿತ್ತು.

ಅವನ ಫೋನ್ ಕಿತ್ತುಕೊಂಡು ಇಡೀ ಬಳಗಕ್ಕೆ ಒಟ್ಟಿಗೇ ಕರೆ ಮಾಡಿದೆ. ಎಂಟು ಜನ ‘ತೆಗಿ’ ಇರಲಿ ಅಂದರು, ಎಂಟು ಜನ ‘ಬಿಚ್ಚು’ ಅಂದರು. ವಾದ ಮಾಡಿ ಮಾಡಿಯೇ ಹತ್ತೂವರೆ ಮಾಡಿದರು. ಒಬ್ಬರಂತೂ, “ಮೇಡಂ, ಅವಸರ ಮಾಡಿದ್ರೆ ಮುಂದಿನ ಪೀಳಿಗೆಗೆ ಅನ್ಯಾಯ ಆಗುತ್ತೆ,” ಎಂದರು.

“ಈ ಪೀಳಿಗೆ ಮನೆಯೊಳಗೆ ಸಿಕ್ಕಾಕ್ಕೊಂಡಿದೆ ಕಣ್ರೀ!” ಎಂದು ಕಿರುಚಿದೆ. “ಹದಿನೇಳನೇ ಓಟು ಯಾರ್ದು?”

ತ್ರಿಯಂಬಕ ನೆಲ ನೋಡಿದ. “ನಂದು. ಆದ್ರೆ ಸಂಪಾದಕ ಪಕ್ಷ ವಹಿಸಬಾರದು ಅತ್ತಿಗೆ. ಅದು ನಮ್ಮ ನಿಯಮ.”

ನನಗೆ ಮೈಯೆಲ್ಲ ಉರಿದುಹೋಯಿತು. ಲಟ್ಟಣಿಗೆ ತಂದೆ. “ಒಂಬತ್ತು ವರ್ಷ ಕಣೋ! ನೀನು ಎದ್ದು ಹಲ್ಲುಜ್ಜೋ ಹೊತ್ತಿಗೆ ನಾನು ಎರಡು ಪಿರಿಯಡ್ ಮುಗಿಸಿರ್ತೀನಿ! ಓಟ್ ಹಾಕ್ತೀಯೋ, ನಿನ್ನೂ ನಿನ್ನ ತುಂಬೇನೂ ಸೇರಿಸಿ ಮಿಕ್ಸಿಗೆ ಹಾಕ್ಲೋ?”

ಹಾಕಿದ. ‘ತೆಗಿ’ ಗೆದ್ದಿತು. ಆದರೆ ಪತ್ರಿಕೆಯಲ್ಲಿ ಪ್ರಕಟವಾಗದೆ ಯಂತ್ರ ಒಪ್ಪಬೇಕಲ್ಲ! ವಿಶೇಷ ಸಂಚಿಕೆ ಮಾಡಲು ಕೂತ. ನಾನು ಬಾಗಿಲು ಗುದ್ದುತ್ತಿದ್ದರೆ ಇವನು ಸಂಪಾದಕೀಯಕ್ಕೆ ಒಳ್ಳೆಯ ಮೊದಲ ಸಾಲು ಹುಡುಕುತ್ತಿದ್ದ!

ಬಾಗಿಲು ತೆರೆದಾಗ ಹನ್ನೊಂದೂ ಇಪ್ಪತ್ತು. ಆಟೋ ಹಿಡಿದು ಓಡಿದೆ. ನನ್ನ ಹೆಸರನ್ನು ಮೂರು ಸಲ ಕೂಗಿ ಮುಂದೆ ಹೋಗಿದ್ದರು. ಹಿಂದಿನ ಬೀದಿಯ ಶಾಲೆ ಬೇರೆಯವರ ಪಾಲಾಗಿತ್ತು. ವಾಪಸು ಬರುವಾಗ ಆಟೋದಲ್ಲೇ ಅತ್ತುಬಿಟ್ಟೆ.

ಮನೆಗೆ ಬಂದರೆ ಬಾಗಿಲು ಹಾರುಹೊಡೆದಿತ್ತು. “ಮುಚ್ಚೋ ಅದನ್ನ!” ಎಂದೆ.

“ಆಗಲ್ಲ ಅತ್ತಿಗೆ. ವಿಶೇಷ ಸಂಚಿಕೆ ಹುರುಪಲ್ಲಿ ‘ಮುಚ್ಚು’ ಕೂಡ ನಿವೃತ್ತಿ ಮಾಡ್ಬಿಟ್ವಿ. ಹೊಸದು ಚರ್ಚೇಲಿದೆ.”

ಮೂರು ವಾರವಾಯಿತು. ಚರ್ಚೆ ನಡೆದೇ ಇದೆ, ಬಾಗಿಲು ತೆರೆದೇ ಇದೆ. ಆರೂಕಾಲರ ಬಸ್ಸಿಗೆ ಹೊರಡುವಾಗ ದಿನಾ ನೋಡುತ್ತೇನೆ: ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು, ದೊಣ್ಣೆ ಹಿಡಿದು, ತೂಕಡಿಸುತ್ತ ತ್ರಿಯಂಬಕ ಕಾವಲು ಕೂತಿರುತ್ತಾನೆ. ಅವನನ್ನು ಅಲ್ಲಿ ಕೂರಿಸಲು ಯಾರ ಓಟೂ ಬೇಕಾಗಲಿಲ್ಲ.