ಕೀವರ್ಡ್ ಎಂಬ ಬೀಗರು

ಕಂಪ್ಯೂಟರಿಗೂ ಬೀಗರ ಹಾಗೆ ಮುನಿಸು ಬರುತ್ತದೆ ಎಂದು ನಂಬಿದ ಮನುಷ್ಯರನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ಒಮ್ಮೆ ಮುಂಡರಗಿ ಬಸ್ ನಿಲ್ದಾಣದಲ್ಲಿ ಇಳಿದುಬಿಡಿ. ಎದುರಿಗೇ ಒಂದು ಪುಟ್ಟ ಪ್ರಿಂಟಿಂಗ್ ಪ್ರೆಸ್ಸಿದೆ. ಅಲ್ಲಿ ಎರಡು ಕನ್ನಡಕಗಳನ್ನು ಒಂದರ ಮೇಲೊಂದು ಏರಿಸಿಕೊಂಡು, ಕೀಬೋರ್ಡಿನ ಮೇಲೆ ಒಂದೇ ಬೆರಳಿನಿಂದ ಕುಟ್ಟುತ್ತಿರುವವರು ಕಾಣುತ್ತಾರೆ. ಅವರೇ ನನ್ನ ಸೋದರಮಾವ!

ಮಾವ ಮೂವತ್ತೈದು ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದವರು. ನಮ್ಮ ಕಡೆಯ ಲಗ್ನಪತ್ರಿಕೆ ಎಂದರೆ ಸುಮ್ಮನೆ ಅಲ್ಲ. ವಧೂವರರಿಗೆ ಎರಡು ಸಾಲು, ಮುಹೂರ್ತಕ್ಕೆ ಒಂದು ಸಾಲು, ಉಳಿದ ಜಾಗವೆಲ್ಲ 'ಸುಖಾಗಮನ ಬಯಸುವವರು' ಎಂಬ ಪಟ್ಟಿಗೆ ಮೀಸಲು. ಅಜ್ಜಂದಿರು, ಕಾಕಾಗಳು, ಮಾವಂದಿರು, ಅಳಿಯಂದಿರು, ಇನ್ನೂ ಹಾಲು ಕುಡಿಯುವ ಮೊಮ್ಮಕ್ಕಳು! ಒಂದು ಹೆಸರು ಬಿಟ್ಟಿತೋ, ಆ ಮನೆಯವರು ಮದುವೆಗೆ ಬರುವುದಿಲ್ಲ. ಬಂದರೂ ಉಣ್ಣುವುದಿಲ್ಲ. ಉಂಡರೂ ಹತ್ತು ವರ್ಷ ಆಡಿಕೊಳ್ಳುವುದನ್ನು ಬಿಡುವುದಿಲ್ಲ. ಒಮ್ಮೆ ಹಿರೇವಡ್ಡಟ್ಟಿಯ ಮದುವೆಯೊಂದರಲ್ಲಿ ಹುಡುಗನ ಸಣ್ಣ ಕಾಕಾನ ಹೆಸರು ಬಿಟ್ಟುಹೋಗಿತ್ತು. ಮಾವ ಅವನ ಹೆಸರೊಂದನ್ನೇ ದಪ್ಪ ಅಕ್ಷರದಲ್ಲಿ ಹಾಕಿ ಬೇರೆ ಪತ್ರಿಕೆ ಮಾಡಿ, ತಾವೇ ಬಸ್ ಹತ್ತಿ ಹೋಗಿ ಕೊಟ್ಟು ಬಂದರು. ಕಾಕಾ ಅದಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ. ನೋಡಿದವರು ಮದುವೆ ಅವನದೇ ಎಂದುಕೊಳ್ಳುತ್ತಾರೆ.

ಇಂಥ ಮಾವ ನನ್ನ ಮದುವೆಯ ಪತ್ರಿಕೆಯಲ್ಲಿ ಏನು ಮಾಡಿದರು ಗೊತ್ತೇ? ತೊಂಬತ್ತನಾಲ್ಕು ಹೆಸರು ಹಾಕಿದರು, ತಮ್ಮ ಹೆಸರನ್ನೇ ಮರೆತರು! ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡಿದ್ದರು. ಅಂದಿನಿಂದ ನನ್ನ ಶಾಲೆ, ಕಾಲೇಜು, ಮದುವೆ ಎಲ್ಲಕ್ಕೂ ನಿಂತವರು ಈ ಮಾವ. ಅವ್ವ ಪತ್ರಿಕೆ ನೋಡಿ ಅಳುವುದೊಂದು ಬಾಕಿ.

"ಯಣ್ಣಾ, ನಿನ್ನ ಹೆಸರ ಇಲ್ಲಲ್ಲೋ!"

"ತಳಕ್ಕ ಸಣ್ಣಗ ಪ್ರೆಸ್ಸಿನ ಹೆಸರು ಐತಿ ನೋಡು. ಅದೂ ನಾನ," ಎಂದರು ಮಾವ. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಲಗ್ನಪತ್ರಿಕೆಗಳೆಲ್ಲ ಮೊಬೈಲಿಗೇ ಬಂದು ಬೀಳುತ್ತವೆ. ಕೆಲಸ ಕಡಿಮೆಯಾದಾಗ ಮಾವ 'ಇಲ್ಲಿ ರೆಸ್ಯೂಮ್ ಮಾಡಿಕೊಡಲಾಗುವುದು' ಎಂಬ ಬೋರ್ಡು ಹಾಕಿದರು. ಕಂಪನಿಗಳಲ್ಲಿ ಈಗ ಅರ್ಜಿಗಳನ್ನು ಮೊದಲು ಸಾಫ್ಟ್‌ವೇರ್ ಓದುತ್ತದೆ, ಜಾಹೀರಾತಿನಲ್ಲಿರುವ ಪದಗಳು ರೆಸ್ಯೂಮಿನಲ್ಲಿ ಕಾಣದಿದ್ದರೆ ಅಲ್ಲೇ ಬದಿಗೆ ತಳ್ಳುತ್ತದೆ, ಆ ಪದಗಳಿಗೆ ಕೀವರ್ಡ್ ಎನ್ನುತ್ತಾರೆ ಎಂಬುದನ್ನು ಯಾವುದೋ ವಿಡಿಯೋ ನೋಡಿ ಕಲಿತರು. ಕಲಿತವರೇ ಚಪ್ಪಾಳೆ ತಟ್ಟಿದರು.

"ಇದು ನಮ್ಮ ಲಗ್ನಪತ್ರಿಕೀನ ಐತಿ ಬಿಡ! ಕೀವರ್ಡ್ ಅಂದ್ರ ಬೀಗರು. ಒಬ್ಬರ ಹೆಸರು ಬಿಟ್ರೂ ಮಷೀನ್ ಸಿಟ್ಟಾಗತೈತಿ."

ಅಲ್ಲಿಂದ ಶುರುವಾಯಿತು ನೋಡಿ! ಡೋಣಿಯಿಂದ ಒಬ್ಬ ಡ್ರೈವರ್ ಬಂದ. ಇಪ್ಪತ್ತು ವರ್ಷ ಹಾಲಿನ ಗಾಡಿ ಓಡಿಸಿದವನು, ಗದಗಿನ ಕಡೆಯ ಒಂದು ಆಸ್ಪತ್ರೆಯ ಆಂಬುಲೆನ್ಸಿಗೆ ಅರ್ಜಿ ಹಾಕಬೇಕಿತ್ತು. ಮಾವ ಅದೇ ಆಸ್ಪತ್ರೆಯ ಎಲ್ಲ ಜಾಹೀರಾತುಗಳನ್ನೂ ತೆಗೆದು, ಯಾರಿಗೂ ಬೇಜಾರಾಗಬಾರದೆಂದು ಅವುಗಳಲ್ಲಿದ್ದ ಪದಗಳನ್ನೆಲ್ಲ ಅವನ ರೆಸ್ಯೂಮಿಗೆ ಸುರಿದರು. ಇಂಜೆಕ್ಷನ್, ಡ್ರೆಸ್ಸಿಂಗ್, ಹೆರಿಗೆ, ಬಾಣಂತಿಯ ಆರೈಕೆ! ವಾರದೊಳಗೆ ಸಂದರ್ಶನಕ್ಕೆ ಕರೆಯೂ ಬಂತು. ಹೋದವನು ಸಂಜೆಗೆ ಬೆವರು ಒರೆಸಿಕೊಳ್ಳುತ್ತ ಪ್ರೆಸ್ಸಿಗೆ ಬಂದ.

"ಏನ್ರೀ ಯಪ್ಪಾ, ನನ್ನ ನರ್ಸ್ ಕೆಲಸಕ್ಕ ಕರದಿದ್ರು! ಇಪ್ಪತ್ತು ಮಂದಿ ಹೆಣ್ಣಮಕ್ಕಳ ನಡುವ ಮೀಸಿ ಇದ್ದಾಂವ ನಾನೊಬ್ಬನ!"

ಮಾವ ಕನ್ನಡಕದ ಮೇಲಿನ ಕನ್ನಡಕ ಸರಿಮಾಡಿಕೊಂಡರು. "ಅದಿರ್ಲಿ. ಕರದ್ರೋ ಇಲ್ಲೋ? ಅಷ್ಟ ಹೇಳು."

ಆಮೇಲೆ ಬಂತು ಬಿಳಿ ಅಕ್ಷರದ ಹುಚ್ಚು. ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲೇ ಕೀವರ್ಡ್ ತುಂಬಿದರೆ ಓದುವ ಮನುಷ್ಯರಿಗೆ ಕಾಣುವುದಿಲ್ಲ, ಆದರೆ ಮಷೀನಿಗೆ ಕಾಣುತ್ತದೆ ಎಂದು ಇನ್ನೊಂದು ವಿಡಿಯೋ ಹೇಳಿತಂತೆ. ಮಾವನಿಗೆ ಅಂದು ಊಟ ಸೇರಲಿಲ್ಲ. ನಲವತ್ತು ಕೀವರ್ಡುಗಳನ್ನು ಬಿಳಿಯಲ್ಲಿ ಹೊಡೆದು, ತಪ್ಪಿದೆಯೇ ನೋಡೋಣ ಎಂದು ಪ್ರಿಂಟೂ ತೆಗೆದರು! ಬಂದದ್ದೇನು? ಖಾಲಿ ಹಾಳೆ. ಅದನ್ನು ಬಿಸಿಲಿಗೆ ಹಿಡಿದು ನೋಡಿದರು, ಓರೆ ಮಾಡಿ ನೋಡಿದರು, ಕೊನೆಗೆ 'ಮೂಲಪ್ರತಿ' ಎಂದು ಜೋಪಾನವಾಗಿ ಫೈಲಿನಲ್ಲಿಟ್ಟರು. ಮರುದಿನ ಮಾವನ ಹೆಂಡತಿ, ಅಂದರೆ ನಮ್ಮ ಅತ್ತೆ, ಅದನ್ನು ತೆಗೆದು ಸಂತೆಯ ಚೀಟಿ ಬರೆದುಬಿಟ್ಟರು.

"ಏನ್ ಮಾಡಿದ್ಯಬೇ! ಆ ಹಾಳ್ಯಾಗ ನಲವತ್ತು ಕೀವರ್ಡ್ ಇದ್ದವು!"

"ಇದ್ರ ಇರ್ಲಿ ಬಿಡ್ರಿ," ಎಂದರು ಅತ್ತೆ. "ಈಗ ಶೇಂಗಾ, ಬೆಲ್ಲ, ಪುಟಾಣಿನೂ ಅದಾವು."

ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದವಳು ನಾನೇ. ನನ್ನ ಸರದಿ ಬಂದಾಗ ನಗು ನಿಂತಿತು. ಬೆಟಗೇರಿಯ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ನಾನು ಹನ್ನೆರಡು ವರ್ಷ ಸ್ಟೋರ್ ನೋಡಿಕೊಂಡಿದ್ದೆ. ಬೆಲ್ಟು, ಬೇರಿಂಗು, ಬೋಲ್ಟು, ಗ್ರೀಸಿನ ಡಬ್ಬಿ ಎಲ್ಲ ನನ್ನ ಸುಪರ್ದಿಗೆ. ಕಾರ್ಖಾನೆ ಮುಚ್ಚಿತು. ನನಗೆ ನಲವತ್ತೊಂದು. ಹನ್ನೊಂದು ಕಡೆ ಅರ್ಜಿ ಹಾಕಿದೆ. ಕಳಿಸಿ ಚಹಾ ಸೋಸುವಷ್ಟರಲ್ಲಿ 'ವಿಷಾದಿಸುತ್ತೇವೆ' ಎಂಬ ಉತ್ತರ! ಇಷ್ಟು ಬೇಗ ನಮ್ಮನ್ನು ಬೇಡವೆನ್ನಲು ಮನುಷ್ಯರಿಗಾದರೂ ಸಾಧ್ಯವೇ? ನನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಅನಿಸಿ, ಒಂದು ಮಧ್ಯಾಹ್ನ ಅಡುಗೆಮನೆಯಲ್ಲೇ ಕುಳಿತು ಕಣ್ಣೀರು ಹಾಕಿದೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹನ್ನೆರಡನೆಯದು ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನಡೆಸುವ ಕಂಪನಿಯ ಸ್ಟೋರ್ ಕೆಲಸ. ಗದಗಿನಲ್ಲೇ ಆಫೀಸು. ಇದೂ ತಪ್ಪಿದರೆ ಅರ್ಜಿ ಹಾಕುವುದನ್ನೇ ಬಿಡಬೇಕೆಂದು ನಿರ್ಧರಿಸಿ ಮಾವನ ಪ್ರೆಸ್ಸಿಗೆ ಹೋದೆ. ಅರ್ಧ ಪುಟದ ನನ್ನ ರೆಸ್ಯೂಮನ್ನು ಮಾವ ತಿರುವಿ ತಿರುವಿ ನೋಡಿದರು.

"'ಸ್ಟೋರ್ ನೋಡಿಕೊಂಡೆ.' ಇಷ್ಟನ?"

"ಇಷ್ಟ ಮಾವಾ, ನಾ ಮಾಡಿದ್ದು."

"ಸಾಮಾನು ಮುಗಿಯೂಕಿಂತ ಮೊದಲ ತರಿಸಾಕಿ ಯಾರು?"

"ನಾನ."

"ವರ್ಷಕ್ಕೊಮ್ಮೆ ಎಲ್ಲಾ ಎಣಿಸಿ ಬುಕ್ಕಿನ ಲೆಕ್ಕಕ್ಕ ಹೊಂದಸಾಕಿ?"

"ಅದೂ ನಾನ."

"ಹುಚ್ಚಿ! ಇದಕ್ಕ ಇನ್ವೆಂಟರಿ ಅಂತಾರ, ಸ್ಟಾಕ್ ಆಡಿಟ್ ಅಂತಾರ. ಜಾಹೀರಾತಿನ್ಯಾಗೂ ಅದನ್ನ ಬರದಾರ. ನೀ ಮಾಡಿದ ಕೆಲಸಕ್ಕ ಅವರು ಇಟ್ಟ ಹೆಸರು ಹಾಕಾಕ ನಿನಗೇನ್ ಸಂಕೋಚ?"

ಒಂದು ತಾಸು ಕೆದಕಿ ಕೆದಕಿ ಕೇಳಿ, ನಾನು ಮಾಡಿದ್ದನ್ನೆಲ್ಲ ಮಾವ ಬರೆದರು. ಓದಿ ನನಗೇ ಆಶ್ಚರ್ಯ. ಇವಳ್ಯಾರಪ್ಪ ಇಷ್ಟು ಜಾಣೆ? ಆದರೆ ಮಾವ ಅಲ್ಲಿಗೆ ನಿಲ್ಲಬೇಕಲ್ಲ! ಫೋರ್ಕ್‌ಲಿಫ್ಟ್, ಕ್ರೇನು, ಜಪಾನಿ ಭಾಷೆ ಎಂದು ಶುರು ಮಾಡಿದರು.

"ಮಾವಾ, ನನಗ ಸೈಕಲ್ ಹೊಡಿಯಾಕ ಬರಂಗಿಲ್ಲ, ಕ್ರೇನ್ ಎಲ್ಲಿಂದ ತರ್ಲಿ? ಸುಳ್ಳು ಹಾಕಬ್ಯಾಡ್ರಿ. ಬಿಳಿ ಅಕ್ಷರದಾಗಂತೂ ಒಂದ ಕೀವರ್ಡೂ ಬ್ಯಾಡ. ಆಣಿ ಮಾಡ್ರಿ!"

ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಮಾವ ಮುಖ ಸಣ್ಣದು ಮಾಡಿಕೊಂಡರು. "ಆತಬೇ. ಬೆಳ್ಳಗ ಒಂದೂ ಕೀವರ್ಡ್ ಹಾಕಂಗಿಲ್ಲ. ನಿಮ್ಮವ್ವನ ಆಣಿ. ನೀ ಬಸ್ಸಿಗೆ ಹೋಗು, ನಾ ಕಳಸ್ತೀನಿ."

ಐದನೇ ದಿನ ಗದಗಿನಿಂದ ಕರೆ ಬಂತು. ಸಂದರ್ಶನ ಮಾಡಿದ ಸಾಹೇಬರು ನಮ್ಮ ಕಡೆಯವರೇ. ಸ್ಟೋರಿನ ಬಗ್ಗೆ ಅರ್ಧ ತಾಸು ಕೇಳಿದರು, ನಾನೂ ಹೇಳಿದೆ. ಎಲ್ಲ ಮುಗಿಯಿತು ಎನ್ನುವಾಗ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

"ನಮ್ಮ ಸಾಫ್ಟ್‌ವೇರ್ ಬಣ್ಣ ಗಿಣ್ಣ ಎಲ್ಲ ತಗದು, ಬರೇ ಅಕ್ಷರ ತೋರಸ್ತೈತ್ರಿ. ನಿಮ್ಮ ರೆಸ್ಯೂಮಿನ ತಳದಾಗ ಏನೋ ಕನ್ನಡದಾಗ ಬಂದೈತಿ. ಯಾರ್ ಬರದಾರ್ರಿ ಇದನ್ನ?"

ಕ್ರೇನೋ, ಜಪಾನಿಯೋ! ಅವ್ವನ ಆಣೆಯನ್ನೂ ಮುರಿದರಲ್ಲ ಈ ಮನುಷ್ಯ ಎಂದು ಸಿಟ್ಟಿನಿಂದಲೇ ಓದತೊಡಗಿದೆ.

'ಸಾಹೇಬರಿಗೆ ನಮಸ್ಕಾರ. ಈಕೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಸಣ್ಣವಳಿದ್ದಾಗಲೇ ತಂದೆ ಹೋದರು. ಅಂದಿನಿಂದ ಯಾರ ಹತ್ತಿರವೂ ಒಂದನ್ನೂ ಕೇಳಿದವಳಲ್ಲ. ಹನ್ನೆರಡು ವರ್ಷದಲ್ಲಿ ಸ್ಟೋರಿನ ಒಂದು ಬೋಲ್ಟೂ ಕಳೆದಿಲ್ಲ. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಹೋದ ಮೇಲೆ, ಪ್ರತಿ ಕೀಲಿಕೈಗೂ ಚೀಟಿ ಕಟ್ಟಿ ಒಪ್ಪಿಸಿ ಬಂದವಳು. ಮಷೀನಿಗೆ ಕನ್ನಡ ತಿಳಿಯಲಿಕ್ಕಿಲ್ಲ. ಮುಂದೆ ಮನುಷ್ಯರು ಯಾರಾದರೂ ಓದಿದರೆ ಓದಲಿ ಎಂದು ಬರೆದಿದ್ದೇನೆ. ಈಕೆಯ ಸುಖಾಗಮನ ಬಯಸುವವರು: ಸೋದರಮಾವ.'

ಸಾಹೇಬರು ಏನೋ ಕೇಳಿದರು. ನಾನು ಅದನ್ನೇ ಮತ್ತೆ ಮೊದಲಿನಿಂದ ಓದುತ್ತಿದ್ದೆ. ಅವರೇ ನೀರಿನ ಬಾಟಲಿ ಮುಂದಕ್ಕೆ ಸರಿಸಿದರು.

ಮುಂಡರಗಿಯಲ್ಲಿ ಬಸ್ಸಿಳಿದು ನೇರ ಪ್ರೆಸ್ಸಿಗೆ ಹೋದೆ. ನನ್ನನ್ನು ಕಂಡದ್ದೇ ಮಾವ ಎದ್ದು ನಿಂತರು. "ಫೋರ್ಕ್‌ಲಿಫ್ಟ್ ಕೇಳಿದ್ರು ಹೌದಿಲ್ಲೋ? ಹಾಕೂನು ಅಂತ ನಾ ಬಡಕೊಂಡೆ!"

"ಇಲ್ಲ ಮಾವಾ. ತಳದಾಗ ಬರದಾವ್ರು ಯಾರು ಅಂತ ಕೇಳಿದ್ರು."

ಮಾವ ಮೆಲ್ಲಗೆ ಕುಳಿತರು. "ಕೀವರ್ಡ್ ಹಾಕಿಲ್ಲ ನೋಡು ನಾ. ಆಣಿ ತಪ್ಪಿಲ್ಲ," ಎನ್ನುತ್ತ ಒಂದು ಕನ್ನಡಕ ತೆಗೆದು ಒರೆಸಿದರು, ಆಮೇಲೆ ಇನ್ನೊಂದನ್ನೂ ತೆಗೆದು ಒರೆಸಿದರು. ಎರಡೂ ಇಲ್ಲದ ಮಾವನ ಕಣ್ಣುಗಳನ್ನು ನಾನು ಬಹಳ ವರ್ಷಗಳ ಮೇಲೆ ನೋಡಿದೆ. ಅವರಿಗೆ ವಯಸ್ಸಾಗಿದೆ.

ಕೆಲಸ ಸಿಕ್ಕಿತು. ಮೊದಲ ದಿನ ತುಂಬಲು ಕೊಟ್ಟ ಫಾರಂನಲ್ಲಿ 'ನಿಮ್ಮನ್ನು ಶಿಫಾರಸು ಮಾಡಿದವರು' ಎಂಬ ಒಂದು ಸಾಲಿತ್ತು. ನನ್ನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಅದನ್ನು ಖಾಲಿ ಬಿಟ್ಟಿದ್ದರು. ನಾನು ಮಾವನ ಹೆಸರು ಬರೆದೆ, ಅವರ ತಂದೆಯ ಹೆಸರು, ಮನೆತನದ ಹೆಸರು ಸಮೇತ, ಕಪ್ಪು ಮಸಿಯಲ್ಲಿ, ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿ.