ಬಾಳೆಹಳ್ಳದ ನೀರು ಅಳೆದ ದಿನ

ನಾಗೇಶನ ಆ ದಿನದ ಫಜೀತಿಗೆಲ್ಲ ಕಾರಣ, ಕಳಸದ ಕಡೆಯ ಬಾಳೆಹಳ್ಳದಲ್ಲಿ ನೀರೇ ಇಲ್ಲದಿದ್ದದ್ದು. ಮಾರ್ಚ್ ತಿಂಗಳು, ಹೂಮಳೆ ಕೈಕೊಟ್ಟಿತ್ತು. ಕಾಫಿ ಹೂವಾಗಬೇಕಲ್ಲ, ಹಳ್ಳದುದ್ದಕ್ಕೂ ತೋಟದವರು ಪಂಪು ಇಟ್ಟು ಸ್ಪ್ರಿಂಕ್ಲರ್ ತಿರುಗಿಸುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ, ಹಳ್ಳಕ್ಕೆ ಸಣ್ಣದೊಂದು ವಿದ್ಯುತ್ ಘಟಕ ಹಾಕಬಹುದೋ ಇಲ್ಲವೋ ಎಂದು ನೀರು ಅಳೆಯಲು ಎಂಜಿನಿಯರ್ ಬರುವವರಿದ್ದರು. ಅದೂ ಆ ದಿನ ಮಧ್ಯಾಹ್ನವೇ.

ಘಟಕ ಬಂದರೆ ಊರಿನ ಹುಡುಗರಿಗೆ ಊರಲ್ಲೇ ಕೆಲಸ. ನಾಗೇಶನಿಗಂತೂ ಅದು ಮಾನದ ಪ್ರಶ್ನೆ. ಗುಡ್ಡದಾಚೆಯ ಕಬ್ಬಿಣದ ಗಣಿ ಮುಚ್ಚಿದಾಗ ಅವನ ಫಿಟರ್ ಕೆಲಸ ಹೋಗಿತ್ತು. ಕಡೂರಿನ ಮಾವ ತಮ್ಮ ಸಿಮೆಂಟ್ ಅಂಗಡಿಯಲ್ಲಿ ಬಂದು ಕೂರುವಂತೆ ಮೇಲಿಂದ ಮೇಲೆ ಫೋನು ಮಾಡುತ್ತಿದ್ದರು. ಹೆಂಡತಿ ಪ್ರೇಮಕುಮಾರಿ ಅಟ್ಟದ ಮೇಲಿನ ಟ್ರಂಕು ಇಳಿಸಿ ಒರೆಸಿಯೂ ಇಟ್ಟಿದ್ದಳು. ಪ್ರಾಣ ಹೋದರೂ ಮನೆ ಅಳಿಯ ಆಗುವುದಿಲ್ಲ, ಈ ಊರು ಬಿಟ್ಟು ಕದಲುವುದಿಲ್ಲ ಎಂದು ನಾಗೇಶ ಹಟ ಹಿಡಿದಿದ್ದ.

ಬೆಳಕು ಹರಿಯುತ್ತಲೇ ಹಳ್ಳದ ದಂಡೆ ಹತ್ತಿದ. ಇವತ್ತೊಂದು ದಿನ ಪಂಪು ನಿಲ್ಲಿಸಿ ಎಂದು ಮನೆ ಮನೆಗೂ ಕೇಳಿಕೊಳ್ಳುವುದು ಅವನ ಉಪಾಯ. ಎಲ್ಲಕ್ಕಿಂತ ಮೇಲಿನ ತೋಟದ ಗಣಪಯ್ಯನವರು ಕೇಳುವ ಮೊದಲೇ ಒಪ್ಪಿ, ನಾಲ್ಕು ಕಡುಬು ತಿನ್ನಿಸಿ ಕಳಿಸಿದರು. ಅಂಗಡಿ, ತೋಟ ಎರಡೂ ಇದ್ದ ಏಕಾಂತಪ್ಪನವರು ಘಟಕ ಬೇಕೆನ್ನುವ ಸಮಿತಿಯ ಅಧ್ಯಕ್ಷರು. ಅವರು ಒಪ್ಪಿದ್ದಲ್ಲದೆ ಒಂದು ಭಾಷಣವನ್ನೂ ಮಾಡಿದರು. ದೇವೀರಮ್ಮ ಮಾತ್ರ ಒಂಟಿ ಹೆಂಗಸು. ನನ್ನ ಪಂಪಿನ ಪೈಪು ನೀನೇ ಎತ್ತಿಡು ಅಂದರು. ಎತ್ತಲು ಹೋಗಿ ನಾಗೇಶ ಸೊಂಟದವರೆಗೆ ಕೆಸರಿಗಿಳಿದ. ಮೇಲೆ ಬಂದವನಿಗೆ ಅವರೂ ಕಡುಬು ಇಟ್ಟರು. ಬೇಡವೆಂದರೆ ಕೇಳುವ ಜನವೇ?

ಊಟದ ಹೊತ್ತಿಗೆ ಎಂಜಿನಿಯರ್ ಪ್ರಸನ್ನಕುಮಾರ್ ಜೀಪಿನಲ್ಲಿ ಬಂದರು. ಮೀಸೆಯೂ ನಗದ ಮನುಷ್ಯ. ಹಳ್ಳಕ್ಕಿಳಿದರೆ ಮೊಣಕಾಲುದ್ದ ನೀರು. ಪಂಪು ನಿಲ್ಲಿಸಿದ್ದಕ್ಕೇ ಇಷ್ಟಾಯಿತಲ್ಲ ಎಂದು ನಾಗೇಶ ಉಬ್ಬಿಹೋದ. ಅಳತೆಗೋಲು ನೆಡುವಷ್ಟರಲ್ಲಿ ನೀರು ತೊಡೆಗೆ ಬಂತು. ಬರೆದುಕೊಳ್ಳುವಷ್ಟರಲ್ಲಿ ಸೊಂಟಕ್ಕೆ ಬಂತು. ಆಮೇಲೆ ಮೇಲಿನಿಂದ ಕೆಂಪು ನೀರು ಭೋರೆಂದು ನುಗ್ಗಿತು. ಅಡಿಕೆ ಹಾಳೆ, ತೆಂಗಿನ ಮಟ್ಟೆ, ಹಳ್ಳ ದಾಟಲು ಹಾಕಿದ್ದ ಕಾಲುಸಂಕದ ದಬ್ಬೆ ಎಲ್ಲ ತೇಲಿ ಬಂದವು. ಅಳತೆಗೋಲು ಹೋಯಿತು, ಸಾಹೇಬರ ಒಂದು ಬೂಟು ಹೋಯಿತು. ನಾಗೇಶ ಅವರನ್ನು ಅಕ್ಕಿಮೂಟೆಯಂತೆ ತಬ್ಬಿ ದಡಕ್ಕೆ ತಂದ.

ದಡದಲ್ಲಿ ಗಣಪಯ್ಯನವರು ಗುದ್ದಲಿ ಹಿಡಿದು ನಿಂತಿದ್ದರು. ಕಿವಿಯ ಹತ್ತಿರ ಬಂದು, “ಬರೀ ಪಂಪು ನಿಲ್ಸಿದ್ರೆ ಎಷ್ಟು ನೀರು ಬರುತ್ತೆ ಮಾರಾಯ? ನಮ್ಮ ತೋಟದ ಕೆರೆ ತೂಬೇ ಎತ್ತಿಬಿಟ್ಟೆ. ನೀ ಸುಮ್ನಿರು,” ಅಂದರು.

ಅವರ ಹಿಂದೆಯೇ ಬಂದ ಏಕಾಂತಪ್ಪನವರೂ ದೇವೀರಮ್ಮನೂ ಒಬ್ಬೊಬ್ಬರಾಗಿ ಕಿವಿಯಲ್ಲಿ ಇಂಥದ್ದನ್ನೇ ಉಸುರಿ ಸುಮ್ಮನಿರು ಅಂದರು. ಏಕಾಂತಪ್ಪನವರೂ ಗುಟ್ಟಾಗಿ ತಮ್ಮ ಕೆರೆಯ ತೂಬು ಎತ್ತಿದ್ದರು. ದೇವೀರಮ್ಮ ಬೇಸಿಗೆಗೆಂದು ಹಳ್ಳಕ್ಕೆ ಅಡ್ಡ ಹಾಕಿಸಿದ್ದ ಮಣ್ಣಿನ ಕಟ್ಟವನ್ನೇ ಒಡೆಸಿದ್ದರು. ಊರಿಗೆ ಉಪಕಾರ ಮಾಡುವಾಗ ಒಬ್ಬರಿಗೊಬ್ಬರು ಹೇಳುವ ಅಭ್ಯಾಸ ಯಾರಿಗೂ ಇರಲಿಲ್ಲ.

ನೀರು ಸೋರುತ್ತಿದ್ದ ಎಂಜಿನಿಯರರ ಕಣ್ಣು ಮಾತ್ರ ಹೊಳೆಯುತ್ತಿತ್ತು. ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿದರು.

“ಮಾರ್ಚಲ್ಲೇ ಇಷ್ಟು ನೀರು ಅಂದ್ರೆ ಸಣ್ಣ ಘಟಕ ಯಾಕ್ರೀ? ದೊಡ್ಡ ಅಣೆಕಟ್ಟೇ ಕಟ್ಬಹುದು,” ಎನ್ನುತ್ತಾ ಪೆನ್ಸಿಲಿನಲ್ಲಿ ಗೆರೆ ಎಳೆದರು. “ನೀರು ಇಲ್ಲೀತನಕ ನಿಲ್ಲುತ್ತೆ.”

ಎಲ್ಲರೂ ಬಗ್ಗಿ ನೋಡಿದರು. ಗಣಪಯ್ಯನವರ ತೋಟ, ಏಕಾಂತಪ್ಪನವರ ಅಂಗಡಿ, ದೇವೀರಮ್ಮನ ಮನೆ, ನಾಗೇಶನ ಮನೆ ಎಲ್ಲ ಗೆರೆಯ ಒಳಗಿದ್ದವು. ಇಷ್ಟು ಹೊತ್ತು ಸುಮ್ಮನಿರು ಅಂದವರೇ ಈಗ ನಿಜ ಹೇಳು ಎಂದು ನಾಗೇಶನ ಬೆನ್ನು ತಿವಿಯತೊಡಗಿದರು. ಹೇಳಿದರೆ ಸಣ್ಣ ಘಟಕವೂ ಇಲ್ಲ, ಕಡೂರೇ ಗತಿ. ಹೇಳದಿದ್ದರೆ ಊರೇ ಇಲ್ಲ. ಕೊನೆಗೆ ಗಟ್ಟಿ ಮನಸ್ಸು ಮಾಡಿದ. ಕೆರೆ, ತೂಬು, ಕಟ್ಟ, ಒಂದನ್ನೂ ಬಿಡದೆ ಹೇಳಿ, ತಪ್ಪಾಯಿತೆಂದು ಕೈಮುಗಿದ.

ಪ್ರಸನ್ನಕುಮಾರ್ ಆ ದಿನ ಮೊದಲ ಬಾರಿಗೆ ನಕ್ಕರು.

“ಮುಳುಗೋ ಊರಿನವ್ರು ಎಲ್ಲಾ ಕಡೆ ಇದನ್ನೇ ಹೇಳೋದು ರೀ, ನಮ್ಮ ಹೊಳೇಲಿ ನೀರೇ ಇಲ್ಲ ಅಂತ. ನಾನು ಕಣ್ಣಾರೆ ನೋಡಿದೀನಿ, ಬೂಟು ಬೇರೆ ಕೊಟ್ಟಿದೀನಿ.”

ನಕ್ಷೆ ಮಡಿಚಿ ಜೀಪು ಹತ್ತಿದವರು ನಾಗೇಶನ ಭುಜ ತಟ್ಟಿದರು. ಜೀವ ಉಳಿಸಿದ ಋಣ ತೀರಿಸದೆ ಹೋಗುವವರಲ್ಲ ಅವರು.

“ನೀವು ಕೆಲಸದ ಚಿಂತೆ ಬಿಡಿ. ಮನೆ ಮನೆಗೆ ಹೋಗಿ ಜನರನ್ನ ಒಪ್ಸಿ ಖಾಲಿ ಮಾಡ್ಸೋಕೆ ಊರಿನವ್ರೇ ಒಬ್ರು ಬೇಕು. ಆ ಕೆಲಸ ನಿಮ್ಗೇ.”

ಜೀಪು ಹೊರಟಿತು. ದೇವೀರಮ್ಮ ಗಣಪಯ್ಯನವರ ಕೈಯಿಂದ ಗುದ್ದಲಿ ಇಸಿದುಕೊಂಡು ನಾಗೇಶನ ಕಡೆ ತಿರುಗಿದರು.