ಕೂಸಿಗೊಂದು ಸೀಟು

ರತ್ನಾಬಾಯಿ: ಹೇಳಬ್ಯಾಡ್ರಿ ಅಂದ್ರ ಹೇಳಬ್ಯಾಡ್ರಿ! ಮೂರು ತಿಂಗಳು ತುಂಬೂತನಕ ಅದಿನ್ನೂ ಜೀವ ಅಲ್ಲ, ಬರೇ ಸುದ್ದಿ.

ಸೋಮಣ್ಣ: ಬರೇ ಸುದ್ದಿಗೆ ದಿನಾ ಮುಂಜಾನೆ ವಾಂತಿ ಬರ್ತಾವೇನು?

ಡೊಂಬಿವಲಿಯ ಎರಡು ಕೋಣೆಯ ಮನೆ. ಸೊಸೆ ಮಯೂರಿ ಬೇಲಾಪುರದ ಆಫೀಸಿನಿಂದ ಇನ್ನೂ ಬಂದಿಲ್ಲ. ಅವಳು ಬಸುರಿ ಎಂಬ ಮಾತು ಹೊಸಿಲು ದಾಟಕೂಡದೆಂದು ಅತ್ತೆಯ ಅಪ್ಪಣೆ. ಗುಟ್ಟು ಹೊತ್ತ ಮಾವನಿಗೆ ಸೊಸೆಗಿಂತ ಮೊದಲೇ ಹೊಟ್ಟೆ ಉಬ್ಬಿದೆ.

ಸೋಮಣ್ಣ: ಠಾಣೆ ಊರಿನತನಕ ಲೋಕಲ್ ರೈಲಿನಾಗ ನಿಂತ ಹೋಗ್ತಾಳ. ನಿನ್ನೆ ಕಣ್ಣಿಗೆ ಕತ್ತಲಿ ಬಂದಿತ್ತಂತ. ಗಾಡ್ಯಾಗಿನ ಹೆಣ್ಮಕ್ಕಳಿಗೆ ಒಂದು ಮಾತು ಹೇಳಿದ್ರ ಎದ್ದು ಜಾಗಾ ಕೊಡ್ತಾರ.

ರತ್ನಾಬಾಯಿ: ದೃಷ್ಟಿ ಬಡೀತದ! ಕೂಸು ಹುಟ್ಟೋಕಿಂತ ಮೊದಲ ಕುಲಾಯಿ ಹೊಲಿಸೋ ಮಂದಿ ನೀವು.

ಸೋಮಣ್ಣ: ಕುಲಾಯಿ ಯಾರು ಕೇಳ್ಯಾರ? ನಾ ಕೇಳೂದು ಸೀಟು! ಡಾಕ್ಟರಬಾಯಿ ಕೂಸಿನ ಎದಿಬಡಿತ ಸುದ್ದಾ ಕೇಳ್ಸ್ಯಾಳ. ಜೀವ ಅಲ್ಲಂದ್ರ ಬಡೀಲಿಕ್ಕತ್ತಿದ್ದು ಏನು?

ರತ್ನಾಬಾಯಿ: ಬಡೀಲಿ ಬಿಡ್ರಿ. ಐದರಾಗ ಒದಿಬೇಕು. ಆವಾಗ ಜೀವ.

ಸೋಮಣ್ಣ: ಈಗರೆ ಮೂರು ಅಂದಿ, ಆಗಲೇ ಐದಾತು! ಇನ್ನೊಂದು ತಾಸು ಬಿಟ್ರ ಸಾಲಿಗೆ ಹೋದ ಮ್ಯಾಲ ಜೀವ ಅಂತಿ.

ರತ್ನಾಬಾಯಿ: ನಮ್ಮ ಮೊದಲನೇದು ನೆನಪಿಲ್ಲೇನು? ಎರಡರಾಗ ಇಡೀ ಚಾಳಿನ ಮನಿಮನಿಗೆ ಪೇಢೆ ಹಂಚಿದ್ರಿ. ಅದು ಹೋದ ಮ್ಯಾಲ ಬಾಗಿಲಿಗೆ ಬಂದವರಿಗೆಲ್ಲಾ ಉತ್ತರಾ ಹೇಳಿದಾಕಿ ನಾನು.

ಸೋಮಣ್ಣನ ಮುಖ ಸಣ್ಣದಾಯಿತು. ಆದರೂ ವಾದ ಬಿಡುವ ಆಸಾಮಿ ಅವನಲ್ಲ.

ಸೋಮಣ್ಣ: (ಮೆಲ್ಲಗೆ) ಅದು ಜೀವ ಅಲ್ಲಂದ್ರ ಅಷ್ಟ್ಯಾಕ ಅತ್ತಿ?

ರತ್ನಾಬಾಯಿ ಅತ್ತ ತಿರುಗಿ ಚಹಾ ಸೋಸತೊಡಗಿದಳು. ಅಷ್ಟರಲ್ಲಿ ಮಯೂರಿ ನಗುತ್ತಲೇ ಒಳಗೆ ಬಂದಳು.

ಮಯೂರಿ: ಅಹೋ ಮಾವಾ, ಇವತ್ತು ಮುಂಜಾನೆ ಖಿಡಕಿ ಸೀಟ್ ಸಿಕ್ತು! ಗಾಡ್ಯಾಗ ಸೀಟಿಗೆ ದಿನಾ ಜಗಳಾಡೋ ಮುಕ್ತಾನೇ ಎದ್ದು ಕೂಡಿಸಿದ್ಲು. ನೀವೇ ಹೇಳಿದ್ರಲ್ಲಾ?

ಸೋಮಣ್ಣ: ನಮ್ಮಪ್ಪನಾಣಿ, ನಾ ತುಟಿ ಬಿಚ್ಚಿಲ್ಲವಾ!

ಮಯೂರಿ: ಮತ್ತ ಮುಕ್ತಾ ಹೇಳಿದ್ಲು, ನಾ ಹೋಗೋಕಿಂತ ಮೊದಲ ಯಾರೋ ಸ್ಟೇಷನ್ನಿಗೆ ಬಂದು, ಲೇಡೀಸ್ ಡಬ್ಬಿ ಹತ್ತಲಿಕ್ಕೆ ನಿಂತವರಿಗೆಲ್ಲಾ ಕೈ ಮುಗಿದು, 'ನಮ್ಮ ಸೊಸಿ ಮಯೂರಿ ಹೊಟ್ಟಿಲೆ ಅದಾಳ' ಅಂದ್ರಂತ...

ಇಬ್ಬರೂ ರತ್ನಾಬಾಯಿಯ ಕಡೆ ತಿರುಗಿದರು.

ಸೋಮಣ್ಣ: ಮುಂಜಾನೆ ಗುಡಿಗೆ ಹೋಗಿ ಬರ್ತೀನಿ ಅಂದಾಕಿ ಸ್ಟೇಷನ್ನಿಗೆ ಹೋಗಿದ್ಯಾ? ಈಗ ಬಡಿಯಂಗಿಲ್ಲೇನು ದೃಷ್ಟಿ?

ರತ್ನಾಬಾಯಿ: ಲೋಕಲ್‌ನಾಗಿನವರ ದೃಷ್ಟಿ ಎಲ್ಲಾ ಸೀಟಿನ ಮ್ಯಾಲ ಇರ್ತದ್ರಿ. ಹೊಟ್ಟಿ ನೋಡ್ಲಿಕ್ಕೆ ಪುರುಸೊತ್ತು ಯಾರಿಗದ?